ದುಡ್ಡು ಎಷ್ಟಡಿಗೆ ಮುಗಿಯುತ್ತೆ? ಬೋರ್‌ವೆಲ್ ಪಕ್ಕ ಕೂತು ಕಲಿತ ವೈ = ಎಂಎಕ್ಸ್ + ಸಿ

ಮೊದಲೇ ಒಪ್ಕೊಂಡ್‌ಬಿಡ್ತೀವಿ. ವೈ = ಎಂಎಕ್ಸ್ + ಸಿ ಅನ್ನೋ ಸಮೀಕರಣವನ್ನ ನಾವು ಒಂಬತ್ತನೇ ಕ್ಲಾಸಿಂದ ಬರೀತಾ ಬಂದಿದ್ದೀವಿ. ಎಂ ಅಂದ್ರೆ ಸ್ಲೋಪ್, ಸಿ ಅಂದ್ರೆ ವೈ-ಇಂಟರ್ಸೆಪ್ಟ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀವಿ. ಆದ್ರೆ ಒಬ್ಬ ರೈತರು ನಮ್ಮನ್ನ ಎದುರಿಗೆ ಕೂರಿಸ್ಕೊಂಡು ಇದೇ ಲೆಕ್ಕವನ್ನ ಕನ್ನಡದಲ್ಲಿ ಕೇಳಿದಾಗ, ಅದು ಇದೇ ಲೆಕ್ಕ ಅಂತ ನಮಗೆ ಗೊತ್ತಾಗೋಕೆ ಅರ್ಧ ಗಂಟೆ ಬೇಕಾಯ್ತು. ಗೊತ್ತಾದ ಮೇಲೂ ಮೊದಲ ಉತ್ತರ ತಪ್ಪು ಹೇಳಿದ್ವಿ. ಆ ಕಥೆ ಮತ್ತು ಆ ಲೆಕ್ಕ ಎರಡನ್ನೂ ಈ ಲೇಖನದಲ್ಲಿ ಬರೀತಿದ್ದೀವಿ.

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂರು ಜನ. ನಾವಿಬ್ಬರು ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು. ಮೂರನೆಯವನು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹೋಬಳಿಯವನು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಸೆಮಿಸ್ಟರ್ ರಜೆಯಲ್ಲಿ ಅವನ ಊರಿಗೆ ಹೋಗಿದ್ವಿ. ತುಮಕೂರಿಂದ ಶಿರಾ ಕಡೆ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೋದ್ರೆ ಸಿಗೋ ಕಡೆ ಅದು. ಶೇಂಗಾ, ರಾಗಿ, ತೆಂಗು, ಅಲ್ಲಲ್ಲಿ ಅಡಿಕೆ. ನಾವು ಹೋದ ದಿನವೇ ಅವರ ಹೊಲದಲ್ಲಿ ಬೋರ್ ಕೊರೆಸ್ತಿದ್ರು. ಹಳೇ ಬೋರ್ ಬತ್ತಿಹೋಗಿ, ತೆಂಗಿನ ಗರಿಗಳು ಜೋತುಬಿದ್ದಿದ್ವು.

ಲಾರಿ ಬಂದು ನಿಂತಿತ್ತು. ಲಾರಿಯವರು ತಮಿಳು ಬೆರೆಸಿದ ಕನ್ನಡ ಮಾತಾಡ್ತಿದ್ರು. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ ಪೂಜೆ ಆಯ್ತು. ಗೆಳೆಯನ ಅಪ್ಪ ನಮ್ಮ ಪಕ್ಕ ಬಂದು ಕೂತು ಕೇಳಿದ್ರು:

"ಏನ್ರಪ್ಪಾ, ಇಂಜಿನಿಯರಿಂಗ್ ಓದೋರು ನೀವು. ನನ್ನತ್ರ ಒಂದು ಲಕ್ಷದ ನಲವತ್ತು ಸಾವಿರ ಐತೆ. ಇದರಲ್ಲಿ ಎಷ್ಟಡಿ ತನಕ ಹೋಗ್ಬೋದು, ಲೆಕ್ಕ ಹಾಕಿ ಹೇಳ್ರಪ್ಪ."

ಎಕ್ಸ್ ಇಲ್ಲ, ವೈ ಇಲ್ಲ, ಗ್ರಾಫ್ ಶೀಟ್ ಇಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

ಶುರು ಮತ್ತು ದರ

ಮೊದಲು ರೇಟು ಕೇಳ್ಕೊಂಡ್ವಿ. (ಬೋರ್‌ವೆಲ್ ರೇಟು ಊರಿಂದ ಊರಿಗೆ, ಸೀಸನ್ನಿಂದ ಸೀಸನ್ನಿಗೆ ಬದಲಾಗುತ್ತೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಎಲ್ಲವನ್ನೂ ದುಂಡಗೆ ಮಾಡಿದ್ದೀವಿ.) ಮೇಲಿನ ಮಣ್ಣು ಕುಸಿಯದ ಹಾಗೆ ಹಾಕೋ ಕೇಸಿಂಗ್ ಪೈಪು, ಲಾರಿ ಬಂದ ಖರ್ಚು, ಊಟ-ಪೂಜೆ ಎಲ್ಲ ಸೇರಿ 20,000 ರೂಪಾಯಿ. ಇದು ಒಂದಡಿ ಕೊರೆದರೂ ಅಷ್ಟೇ, ಸಾವಿರ ಅಡಿ ಕೊರೆದರೂ ಅಷ್ಟೇ. ಆಮೇಲೆ ಒಂದು ಅಡಿಗೆ 100 ರೂಪಾಯಿ.

ಎಕ್ಸ್, ವೈ ಬದಲು ನಮಗೆ ಅರ್ಥವಾಗೋ ಅಕ್ಷರ ಇಟ್ಕೊಳ್ಳೋಣ. ಅ ಅಂದ್ರೆ ಅಡಿ, ಖ ಅಂದ್ರೆ ಖರ್ಚು.

ಖ = 100 × ಅ + 20,000

ಇಷ್ಟೇ. ಇದೇ ವೈ = ಎಂಎಕ್ಸ್ + ಸಿ. ಎಂ ಜಾಗದಲ್ಲಿ 100 ಇದೆ, ಸಿ ಜಾಗದಲ್ಲಿ 20,000 ಇದೆ.

ಸ್ಲೋಪ್ ಅಥವಾ ಇಳಿಜಾರು ಅಂದ್ರೆ ದರ. ಅಡ್ಡಕ್ಕೆ ಒಂದು ಹೆಜ್ಜೆ ಇಟ್ರೆ ಉದ್ದಕ್ಕೆ ಎಷ್ಟು ಏರ್ತೀವಿ ಅಥವಾ ಇಳೀತೀವಿ ಅನ್ನೋದು. ಇಲ್ಲಿ ಒಂದಡಿ ಕೆಳಗೆ ಹೋದ್ರೆ ಖರ್ಚು 100 ರೂಪಾಯಿ ಏರುತ್ತೆ. ಇಂಥ ಲೆಕ್ಕದಲ್ಲಿ ಸ್ಲೋಪಿಗೆ ಒಂದು ಯೂನಿಟ್ ಇರುತ್ತೆ, ಇಲ್ಲಿ ಅದು 'ಅಡಿಗೆ ರೂಪಾಯಿ'. ಪರೀಕ್ಷೆಯಲ್ಲಿ ಬರೀ 100 ಅಂತ ಬರೆದು ಬಂದ ನಮಗೆ ಈ ಯೂನಿಟ್ ಇದ್ದದ್ದೇ ಗೊತ್ತಿರಲಿಲ್ಲ.

ವೈ-ಇಂಟರ್ಸೆಪ್ಟ್ ಅಂದ್ರೆ ಶುರು. ಇನ್ನೂ ಒಂದಡಿಯೂ ಕೊರೆಯದೆ ಇದ್ದಾಗಲೇ ಜೇಬಿಂದ ಹೋಗಿರೋ ದುಡ್ಡು. ಗ್ರಾಫಿನಲ್ಲಿ ರೇಖೆ ವೈ-ಅಕ್ಷವನ್ನ ಕತ್ತರಿಸೋ ಜಾಗ. ಅಲ್ಲಿ ಅ ಸೊನ್ನೆ ಇರುತ್ತೆ, ಹಾಗಾಗಿ ಸಮೀಕರಣದಲ್ಲಿ ಅ = 0 ಹಾಕಿದ್ರೆ ಸಾಕು, ಸಿಕ್ಕಿಬಿಡುತ್ತೆ.

ಸೊನ್ನೆ ಮುಟ್ಟುವ ಜಾಗ

ಆದ್ರೆ ಅವರು ಕೇಳಿದ್ದು ಖರ್ಚಲ್ಲ. ದುಡ್ಡು ಎಲ್ಲಿ ಮುಗಿಯುತ್ತೆ ಅಂತ. ಅಂದ್ರೆ ನಾವು ಗ್ರಾಫ್ ಬರೀಬೇಕಾಗಿದ್ದು ಉಳಿದ ಹಣಕ್ಕೆ. ಅದನ್ನ ಉ ಅನ್ನೋಣ.

ಉ = 1,40,000 − (100 × ಅ + 20,000)
ಉ = 1,20,000 − 100 × ಅ

ಈಗ ಸ್ಲೋಪ್ −100. ಮೈನಸ್ ಅಂದ್ರೆ ರೇಖೆ ಎಡದಿಂದ ಬಲಕ್ಕೆ ಇಳೀತಿದೆ, ಪ್ರತಿ ಅಡಿಗೂ ನೂರು ರೂಪಾಯಿ ಕರಗ್ತಿದೆ. ಈ ರೇಖೆ ಇಳಿದು ಇಳಿದು ಒಂದು ಕಡೆ ಎಕ್ಸ್-ಅಕ್ಷವನ್ನ ಮುಟ್ಟುತ್ತೆ. ಅಲ್ಲಿ ಉ = 0, ಜೇಬು ಖಾಲಿ. ಅದೇ ಎಕ್ಸ್-ಇಂಟರ್ಸೆಪ್ಟ್. ಹುಡುಕೋದು ಹೀಗೆ:

0 = 1,20,000 − 100 × ಅ
ಅ = 1,20,000 ÷ 100 = 1,200

ವೈ-ಇಂಟರ್ಸೆಪ್ಟ್ ಬೇಕಾದ್ರೆ ಎಕ್ಸ್ ಸೊನ್ನೆ ಮಾಡಿ, ಎಕ್ಸ್-ಇಂಟರ್ಸೆಪ್ಟ್ ಬೇಕಾದ್ರೆ ವೈ ಸೊನ್ನೆ ಮಾಡಿ. ನಮ್ಮಲ್ಲಿ ಎಷ್ಟೋ ಜನ ಇದನ್ನ ಉಲ್ಟಾ ಮಾಡ್ತೀವಿ. 'ಎಕ್ಸ್-ಇಂಟರ್ಸೆಪ್ಟ್ ಕೇಳಿದ್ದಾರೆ, ಎಕ್ಸ್ = 0' ಅಂತ ಅವಸರದಲ್ಲಿ ಬರೆದುಬಿಡ್ತೀವಿ. ಎಕ್ಸ್-ಅಕ್ಷದ ಮೇಲೆ ನಿಂತಿದ್ದೀವಿ ಅಂದ್ರೆ ನಾವು ಮೇಲೂ ಇಲ್ಲ, ಕೆಳಗೂ ಇಲ್ಲ, ಅಂದ್ರೆ ವೈ ಸೊನ್ನೆ. ಹೀಗೆ ನೆನಪಿಟ್ರೆ ತಪ್ಪಲ್ಲ.

ನಾವು ಜಂಬದಿಂದ ಹೇಳಿದ್ವಿ: "ಅಂಕಲ್, 1,200 ಅಡಿ ತನಕ ಹೋಗ್ಬಹುದು."

ಲಾರಿಯವರು ನಕ್ಕರು.

ರೇಖೆ ಮುರಿಯೋ ಜಾಗ

ನಾವು ರೇಟು ಪೂರ್ತಿ ಕೇಳ್ಕೊಂಡಿರಲಿಲ್ಲ. ಅಡಿಗೆ 100 ಅನ್ನೋದು 500 ಅಡಿ ತನಕ ಮಾತ್ರ. ಅಲ್ಲಿಂದ 800 ತನಕ ಅಡಿಗೆ 150. ಅದಕ್ಕೂ ಕೆಳಗೆ ಹೋದ್ರೆ 200. ಆಳ ಹೋದಷ್ಟೂ ಗಾಳಿಯ ಒತ್ತಡ ಜಾಸ್ತಿ ಬೇಕು, ಡೀಸೆಲ್ ಜಾಸ್ತಿ ಸುಡುತ್ತೆ, ರಾಡು ಇಳಿಸಿ ಎತ್ತೋಕೆ ಹೊತ್ತು ಜಾಸ್ತಿ. ಹಾಗಾಗಿ ರೇಟೂ ಜಾಸ್ತಿ.

ಅಂದ್ರೆ ಇದು ಒಂದು ರೇಖೆಯಲ್ಲ, ಮೂರು ತುಂಡು. ಪ್ರತಿ ತುಂಡಿಗೂ ಬೇರೆ ಸ್ಲೋಪ್. ಹೊಸದಾಗಿ ಲೆಕ್ಕ ಹಾಕಿದ್ವಿ.

ಮೊದಲ ತುಂಡು: 500 ಅಡಿಗೆ 50,000 ಹೋಯ್ತು. 1,20,000ದಲ್ಲಿ ಉಳಿದಿದ್ದು 70,000.

ಎರಡನೇ ತುಂಡು: ಈಗ ನಮಗೆ ಒಂದು ಬಿಂದು ಗೊತ್ತು, 500 ಅಡಿಯಲ್ಲಿ 70,000. ಸ್ಲೋಪ್ ಗೊತ್ತು, −150. ಒಂದು ಬಿಂದು ಮತ್ತು ಸ್ಲೋಪ್ ಗೊತ್ತಿದ್ರೆ ರೇಖೆ ಸಿಕ್ಕಿದ ಹಾಗೇ.

ಉ = 70,000 − 150 × (ಅ − 500)
ಬಿಡಿಸಿದ್ರೆ, ಉ = 1,45,000 − 150 × ಅ

ಇಲ್ಲೊಂದು ತಮಾಷೆ ನೋಡಿ. ಈ ಸಮೀಕರಣದ ವೈ-ಇಂಟರ್ಸೆಪ್ಟ್ 1,45,000. ಆದ್ರೆ ಅವರ ಹತ್ರ ಇದ್ದದ್ದೇ 1,40,000! ಇಲ್ಲದ ದುಡ್ಡು ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ. ಎರಡನೇ ತುಂಡು ಬದುಕಿರೋದು 500ರಿಂದ 800ರ ನಡುವೆ ಮಾತ್ರ. ನಾವು ಅದನ್ನ ಹಿಂದಕ್ಕೆ ಎಳೆದು ಸೊನ್ನೆ ಅಡಿಗೆ ತಂದಾಗ ಬಂದ ಸಂಖ್ಯೆ ಅದು. ಲೆಕ್ಕಕ್ಕೆ ಬೇಕು, ಜೇಬಿಗೆ ಬರಲ್ಲ. ಇಂಟರ್ಸೆಪ್ಟ್ ಸಿಕ್ಕ ತಕ್ಷಣ ಅದಕ್ಕೆ ಅರ್ಥ ಇದೆ ಅಂದ್ಕೋಬಾರದು. ಆ ಜಾಗದಲ್ಲಿ ಆ ರೇಖೆ ನಿಜಕ್ಕೂ ಇದೆಯಾ ಅಂತ ಕೇಳ್ಕೋಬೇಕು.

800 ಅಡಿಗೆ ಬಂದಾಗ ಉಳಿಯೋದು 1,45,000 − 1,20,000 = 25,000.

ಮೂರನೇ ತುಂಡು: ಅಡಿಗೆ 200ರಂತೆ 25,000ಕ್ಕೆ 125 ಅಡಿ. ಒಟ್ಟು 925 ಅಡಿ.

1,200 ಎಲ್ಲಿ, 925 ಎಲ್ಲಿ. ನಮ್ಮ ಮಾತು ನಂಬಿ ಹೋಗಿದ್ರೆ 275 ಅಡಿಯ ಸಾಲ ಅವರ ತಲೆ ಮೇಲೆ ಬರ್ತಿತ್ತು, ಅದೂ ಅಡಿಗೆ 200ರ ರೇಟಿನಲ್ಲಿ. ಅಂದ್ರೆ 55,000 ರೂಪಾಯಿ. ಪರೀಕ್ಷೆಯಲ್ಲಿ ಇದೇ ತಪ್ಪಿಗೆ ಎರಡು ಮಾರ್ಕ್ಸ್ ಹೋಗ್ತಿತ್ತು ಅಷ್ಟೇ.

ಸೊನ್ನೆಯೇ ಗುರಿ ಅಲ್ಲ

925 ಅಂತ ಹೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ಗೆಳೆಯ ತಡೆದ. "ಲೋ, ಎಲ್ಲಾ ದುಡ್ಡು ತೂತಿಗೆ ಹಾಕಿದ್ರೆ ಮೋಟ್ರು ಯಾರು ತರ್ತಾರೆ?"

ಸರಿ ತಾನೇ? ನೀರು ಬಂದರೆ ಮೋಟಾರು, ಪೈಪು, ಕೇಬಲ್ಲು ಬೇಕು. ಅದಕ್ಕೆ 60,000 ಪಕ್ಕಕ್ಕಿಡಬೇಕು ಅಂದ. ಅಂದ್ರೆ ನಮಗೆ ಬೇಕಾದ್ದು ಉ = 0 ಆಗೋ ಜಾಗವಲ್ಲ, ಉ = 60,000 ಆಗೋ ಜಾಗ. ಗ್ರಾಫಿನಲ್ಲಿ 60,000ದ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆದು, ನಮ್ಮ ರೇಖೆ ಅದನ್ನ ಎಲ್ಲಿ ಕತ್ತರಿಸುತ್ತೆ ಅಂತ ನೋಡ್ಬೇಕು. 500 ಅಡಿಯಲ್ಲಿ 70,000 ಇತ್ತು, 800ರಲ್ಲಿ 25,000. ಹಾಗಾಗಿ ಇದು ಎರಡನೇ ತುಂಡಿನಲ್ಲೇ ಸಿಗುತ್ತೆ.

60,000 = 1,45,000 − 150 × ಅ
ಅ = 85,000 ÷ 150 = 566 ಚಿಲ್ಲರೆ

ಒಂದು ರಾಡು 20 ಅಡಿ. 28 ರಾಡು ಅಂದ್ರೆ 560 ಅಡಿ. 29ನೇ ರಾಡು ಇಳಿದ್ರೆ ಮೋಟಾರಿನ ದುಡ್ಡಿಗೆ ಕೈ ಬೀಳುತ್ತೆ. ಅದನ್ನೇ ಅವರಿಗೆ ಹೇಳಿದ್ವಿ: "ಅಂಕಲ್, 28 ರಾಡು. ಅಲ್ಲಿಗೆ ನಿಮ್ಮ ಹತ್ರ 61,000 ಉಳಿದಿರುತ್ತೆ."

ಅವರು ಒಂದು ಕಡ್ಡಿ ತಗೊಂಡು ಮಣ್ಣಿನ ಮೇಲೆ 28 ಅಂತ ಬರೆದಿಟ್ಟರು.

ಎರಡು ಬಿಂದು ಸಾಕು

ಲಾರಿ ಸದ್ದು ಮಾಡ್ತಾ ಇತ್ತು, ಬಿಳೀ ಪುಡಿ ಹಾರ್ತಾ ಇತ್ತು. ಸಂಜೆ ನಾವು ಕಳ್ಳಂಬೆಳ್ಳ ಕೆರೆ ಏರಿ ಮೇಲೆ ಹೋಗಿ ನಿಂತ್ವಿ. ದೊಡ್ಡ ಕೆರೆ. ಹೇಮಾವತಿ ನಾಲೆಯ ನೀರು ಈ ಕೆರೆಗೆ ಬಂದು, ಇಲ್ಲಿಂದ ಶಿರಾ ಕೆರೆ ಕಡೆ ಹೋಗುತ್ತೆ. ಈ ಸೀಮೆಯಲ್ಲಿ ಕೆರೆ ತುಂಬಿದ್ರೆ ಸುತ್ತಲಿನ ಬೋರುಗಳಿಗೂ ಜೀವ ಬರುತ್ತೆ ಅಂತ ಗೆಳೆಯ ಹೇಳಿದ. ಅಲ್ಲಿ ನಿಂತು ಇನ್ನೊಂದು ಲೆಕ್ಕ ಹಾಕಿದ್ವಿ. ಇದು ಆ ಕೆರೆಯ ನಿಜವಾದ ಅಳತೆಯಲ್ಲ, ಉದಾಹರಣೆ ಅಷ್ಟೇ.

ತೂಬಿನ ಕಲ್ಲುಕಂಬದ ಮೇಲೆ ಅಡಿ ಗುರುತು ಇದೆ ಅಂದ್ಕೊಳ್ಳಿ. ಮಳೆ ನಿಂತ 10ನೇ ದಿನ ನೀರು 11 ಅಡಿ. 40ನೇ ದಿನ 8 ಅಡಿ. ದರ ಯಾರೂ ಹೇಳಿಲ್ಲ, ಶುರುವಿನಲ್ಲಿ ಎಷ್ಟಿತ್ತು ಅಂತಾನೂ ಹೇಳಿಲ್ಲ. ಎರಡು ಬಿಂದು ಮಾತ್ರ ಇದೆ: (10, 11) ಮತ್ತು (40, 8).

ಸ್ಲೋಪ್ = ನೀರಿನ ಬದಲಾವಣೆ ÷ ದಿನದ ಬದಲಾವಣೆ
= (8 − 11) ÷ (40 − 10) = −3 ÷ 30 = −0.1

ದಿನಕ್ಕೆ 0.1 ಅಡಿ ಇಳೀತಿದೆ. ಮೇಲೆ ಯಾವ ಬಿಂದುವನ್ನ ಮೊದಲು ಬರೆದ್ರೋ ಕೆಳಗೂ ಅದನ್ನೇ ಮೊದಲು ಬರೀಬೇಕು, ಇಲ್ಲಾಂದ್ರೆ ಮೈನಸ್ಸು ಪ್ಲಸ್ಸಾಗಿ ಕೆರೆ ಬೇಸಿಗೆಯಲ್ಲಿ ತುಂಬೋಕೆ ಶುರುವಾಗುತ್ತೆ!

ಶುರು ಎಷ್ಟು? 10ನೇ ದಿನ 11 ಅಡಿ ಇತ್ತು, ಅದಕ್ಕೂ ಮುಂಚೆ ಹತ್ತು ದಿನದಲ್ಲಿ 1 ಅಡಿ ಹೋಗಿದೆ. ಹಾಗಾದ್ರೆ ಸೊನ್ನೇ ದಿನ 12 ಅಡಿ. ಸಮೀಕರಣ: ನೀರು = 12 − 0.1 × ದಿನ. ನೀರು ಸೊನ್ನೆ ಮಾಡಿದ್ರೆ ದಿನ = 120. ನಾಲ್ಕು ತಿಂಗಳಿಗೆ ಕೆರೆ ಖಾಲಿ.

ಆದ್ರೆ ಕೆರೆ ನೆಟ್ಟಗಿನ ಗೋಡೆಯ ಟ್ಯಾಂಕಲ್ಲ, ಬೋಗುಣಿ ಥರ. ಕೆಳಗೆ ಹೋದಂತೆ ಅಗಲ ಕಮ್ಮಿಯಾಗುತ್ತೆ. ತೂಬಿನಿಂದ ದಿನಾ ಅಷ್ಟೇ ನೀರು ಬಿಟ್ಟರೂ ಮಟ್ಟ ಮಾತ್ರ ಬೇಗ ಬೇಗ ಇಳಿಯುತ್ತೆ. ಅಂದ್ರೆ ನಿಜವಾದ ಕೆರೆ 120ನೇ ದಿನಕ್ಕಿಂತ ಮುಂಚೆಯೇ ಬತ್ತಬಹುದು. ಹತ್ತಿರದ ನಾಳೆಗೆ ಸರಳರೇಖೆ ಒಳ್ಳೇ ಅಂದಾಜು ಕೊಡುತ್ತೆ. ದೂರದ ನಾಳೆಗೆ ಅದನ್ನೇ ನಂಬಿ ಕೂತ್ರೆ ಕೈ ಕೊಡುತ್ತೆ.

ಸೊನ್ನೆಯಿಂದ ಶುರುವಾಗುವ ರೇಖೆ

ನಮ್ಮ ಗೆಳೆಯನ ನೆಂಟರು ಪಾವಗಡದ ಕಡೆಯಿದ್ದಾರೆ. ಅಲ್ಲಿ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡಿದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಇತ್ತು, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆ.

ಮೊದಲ ವರ್ಷದ ಬಾಡಿಗೆ = 21,000 × ಎಕರೆ. ಇಲ್ಲಿ ಸಿ ಇಲ್ಲ, ಅಂದ್ರೆ ಸಿ = 0. ರೇಖೆ ನೇರ ಮೂಲಬಿಂದುವಿನಿಂದ ಹೊರಡುತ್ತೆ. ಎಕ್ಸ್-ಇಂಟರ್ಸೆಪ್ಟ್, ವೈ-ಇಂಟರ್ಸೆಪ್ಟ್ ಎರಡೂ ಒಂದೇ ಜಾಗ, (0, 0). ಪುಸ್ತಕದಲ್ಲಿ ಇದು ಅತ್ಯಂತ ಸುಲಭದ ರೇಖೆ. ಆದ್ರೆ ಆ ಸೊನ್ನೆ ಏನು ಹೇಳುತ್ತೆ ನೋಡಿ: ಎಕರೆ ಸೊನ್ನೆ ಆದ್ರೆ ಬಾಡಿಗೆಯೂ ಸೊನ್ನೆ. ಹೊಲ ಇದ್ದವರು ರೇಖೆ ಹತ್ತಿ ಮೇಲೆ ಹೋಗ್ತಾರೆ. ಬೇರೆಯವರ ಹೊಲದಲ್ಲಿ ಕೂಲಿ ಮಾಡ್ತಿದ್ದವರು ಈ ಗ್ರಾಫಿನಲ್ಲಿ ಮೂಲಬಿಂದುವಿನ ಮೇಲೇ ನಿಂತಿರ್ತಾರೆ.

ಎರಡು ವರ್ಷ ಆದ ಮೇಲೆ ಸ್ಲೋಪ್ 21,000ದಿಂದ 22,050 ಆಗುತ್ತೆ. ಬೋರ್‌ವೆಲ್ ಲೆಕ್ಕದ ಹಾಗೇ ಇದೂ ತುಂಡು ತುಂಡು ರೇಖೆ. ಅಲ್ಲಿ ಮುರಿದ ಜಾಗದಲ್ಲಿ ರೈತರ ದುಡ್ಡು ಜೋರಾಗಿ ಇಳೀತಿತ್ತು, ಇಲ್ಲಿ ಸ್ವಲ್ಪ ಜೋರಾಗಿ ಏರುತ್ತೆ.

ಕ್ಯಾಂಟೀನ್ ಲೆಕ್ಕ

ಸಮೀಕರಣ ಯಾವಾಗಲೂ ವೈ = ಎಂಎಕ್ಸ್ + ಸಿ ವೇಷದಲ್ಲೇ ಬರಲ್ಲ. ನಮ್ಮ ಹತ್ರ 120 ರೂಪಾಯಿ ಇದೆ. ಟೀ 10, ಪಫ್ 20 ಅಂದ್ಕೊಳ್ಳಿ. ಟೀ ಸಂಖ್ಯೆ ಟ, ಪಫ್ ಸಂಖ್ಯೆ ಪ.

10ಟ + 20ಪ = 120

ಇಂಟರ್ಸೆಪ್ಟ್ ಬೇಕಾ? ಹೆಬ್ಬೆರಳಿಂದ ಒಂದು ಪದ ಮುಚ್ಚಿ. ಪಫ್ ಮುಚ್ಚಿದ್ರೆ 10ಟ = 120, ಅಂದ್ರೆ 12 ಟೀ. ಟೀ ಮುಚ್ಚಿದ್ರೆ 20ಪ = 120, ಅಂದ್ರೆ 6 ಪಫ್. ಎರಡು ಬಿಂದು ಸಿಕ್ತು, (12, 0) ಮತ್ತು (0, 6). ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಗ್ರಾಫ್ ರೆಡಿ. ಸ್ಲೋಪ್ ಬೇಕಾದ್ರೆ ಪ ಒಂದನ್ನೇ ಎಡಕ್ಕೆ ಬಿಟ್ಟು ಉಳಿದದ್ದನ್ನ ಬಲಕ್ಕೆ ಕಳಿಸಿ: ಪ = 6 − ½ಟ. ಸ್ಲೋಪ್ −½. ಅರ್ಥ? ಒಂದು ಟೀ ಜಾಸ್ತಿ ಕುಡಿದ್ರೆ ಅರ್ಧ ಪಫ್ ಬಿಟ್ಟುಕೊಡಬೇಕು.

ಎರಡು ವಿಚಿತ್ರ ರೇಖೆಗಳಿವೆ. ಎಷ್ಟು ದಿನ ಊಟ ಮಾಡಿದ್ರೂ ತಿಂಗಳಿಗೆ ಒಂದೇ ಮೆಸ್ ಬಿಲ್ಲು ಬಂದ್ರೆ ಅದು ಅಡ್ಡಗೆರೆ. ಸ್ಲೋಪ್ ಸೊನ್ನೆ, ವೈ-ಇಂಟರ್ಸೆಪ್ಟ್ ಇದೆ, ಎಕ್ಸ್-ಇಂಟರ್ಸೆಪ್ಟ್ ಇಲ್ಲ. (ಒಂದು ದಿನವೂ ಊಟ ಮಾಡದಿದ್ರೂ ಬಿಲ್ಲು ಸೊನ್ನೆ ಆಗಲ್ಲ, ಅನುಭವಿಸಿದವರಿಗೆ ಗೊತ್ತು.) ನೆಟ್ಟಗಿನ ಗೆರೆಗೆ ಸ್ಲೋಪೇ ಇಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರು ನೆನಪಿಸ್ಕೊಳ್ಳಿ. ಶುರುವಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದ್ರೆ ಒಂದು ಹೆಜ್ಜೆ ಏರ್ತೀವಿ. ಮೇಲೆ ಹೋದಂತೆ ಮುಂದಿನ ಹೆಜ್ಜೆ ಕಮ್ಮಿ, ಏರು ಜಾಸ್ತಿ. ಮುಂದಿನ ಹೆಜ್ಜೆ ಪೂರ್ತಿ ಸೊನ್ನೆ ಆದ್ರೆ ಸೊನ್ನೆಯಿಂದ ಭಾಗಿಸಬೇಕು, ಅದು ಆಗದ ಕೆಲಸ.

ಇದೆಲ್ಲ ಲ್ಯಾಬಿಗೂ ಬರುತ್ತೆ. ಫೋಟೋ ಎಲೆಕ್ಟ್ರಿಕ್ ಪ್ರಯೋಗದಲ್ಲಿ ಬೆಳಕಿನ ಆವರ್ತನದ ಎದುರು ಸ್ಟಾಪಿಂಗ್ ವೋಲ್ಟೇಜ್ ಗ್ರಾಫ್ ಎಳೀತೀವಲ್ಲ, ಆ ರೇಖೆಯ ಸ್ಲೋಪನ್ನ ಎಲೆಕ್ಟ್ರಾನಿನ ಚಾರ್ಜಿನಿಂದ ಗುಣಿಸಿದ್ರೆ ಪ್ಲ್ಯಾಂಕ್ ಸ್ಥಿರಾಂಕ ಸಿಗುತ್ತೆ. ಎಕ್ಸ್-ಇಂಟರ್ಸೆಪ್ಟ್ ಅಂದ್ರೆ ಲೋಹದಿಂದ ಎಲೆಕ್ಟ್ರಾನ್ ಹೊರಡೋಕೆ ಬೇಕಾದ ಕನಿಷ್ಠ ಆವರ್ತನ. ರೆಕಾರ್ಡಿನಲ್ಲಿ ಗೆರೆ ಎಳೆದು ಸಂಖ್ಯೆ ಬರೆದು ಮುಂದೆ ಹೋಗಿದ್ವಿ. ದರ ಯಾವುದು, ಸೊನ್ನೆ ಎಲ್ಲಿ ಅಂತ ಕೇಳ್ಕೊಂಡಿರಲಿಲ್ಲ.

28ನೇ ರಾಡು

ರಾತ್ರಿ ಹತ್ತಾಗಿತ್ತು. 28ನೇ ರಾಡು ಇಳೀತು. ನೀರು ಬರಲಿಲ್ಲ. ಬರೀ ಪುಡಿ.

ಸುತ್ತ ನಿಂತಿದ್ದವರು ಒಬ್ಬೊಬ್ಬರೂ ಒಂದೊಂದು ಹೇಳ್ತಿದ್ರು. "ಇನ್ನೊಂದೈವತ್ತಡಿ ನೋಡಣ್ಣ." "ಪಕ್ಕದೋರಿಗೆ ಏಳ್ನೂರಕ್ಕೆ ಬಂತಲ್ಲ." ಅವರೆಲ್ಲ ನಮ್ಮ ಕಡೆಯೂ ನೋಡಿದ್ರು, ಲೆಕ್ಕದವರು ಏನಂತಾರೆ ಅಂತ. ನಮ್ಮ ಹತ್ರ ಉತ್ತರ ಇರಲಿಲ್ಲ. ನಮ್ಮ ರೇಖೆ ದುಡ್ಡಿನದ್ದು, ನೀರಿನದ್ದಲ್ಲ. ಈ ಸೀಮೆಯ ಕೆಳಗಿರೋದು ಗಟ್ಟಿ ಬಂಡೆ. ನೀರು ಇರೋದು ಬಂಡೆಯ ಬಿರುಕಿನಲ್ಲಿ. ಬಿರುಕು ಸಿಕ್ಕಿದ್ರೆ ಇದೆ, ಇಲ್ಲಾಂದ್ರೆ ಇಲ್ಲ. 'ಅಡಿಗೆ ಇಷ್ಟು ನೀರು' ಅನ್ನೋ ಸ್ಲೋಪ್ ಅಲ್ಲಿಲ್ಲ. 500 ಅಡಿಯಲ್ಲಿ ಬರದಿದ್ದು 600ರಲ್ಲಿ ಬರಬಹುದು, ಸಾವಿರದಲ್ಲೂ ಬರದೆ ಇರಬಹುದು.

ಗೆಳೆಯನ ಅಪ್ಪ ಮಣ್ಣಿನ ಮೇಲೆ ಬರೆದಿದ್ದ 28ನ್ನ ಟಾರ್ಚ್ ಹಾಕಿ ಒಮ್ಮೆ ನೋಡಿದ್ರು. ಆಮೇಲೆ ಲಾರಿಯವರಿಗೆ ಕೈ ಎತ್ತಿ "ನಿಲ್ಸಪ್ಪ" ಅಂದ್ರು.

ಬೆಳಿಗ್ಗೆ ಕಾಫಿ ಕುಡೀವಾಗ ನಮಗೇ ಮುಖ ತೋರಿಸೋಕೆ ಮುಜುಗರ. ಅವರೇ ಮಾತಾಡಿದ್ರು. "ಹೋದ ಸಲ ಬೋರ್ ಹಾಕಿಸ್ದಾಗ ಹಿಂಗೇ ಇನ್ನೈವತ್ತು ಇನ್ನೈವತ್ತು ಅಂತ ಹೋಗಿ, ಬಡ್ಡಿಗೆ ತಂದು ಕೊಟ್ಟೆ ಕಣ್ರಪ್ಪ. ಎಲ್ಲಿ ನಿಲ್ಲಬೇಕು ಅಂತ ಮೊದ್ಲೇ ಗೊತ್ತಿರಲಿಲ್ಲ. ಈ ಸಲ ನೀರು ಬರ್ನಿಲ್ಲ, ಸಾಲಾನೂ ಆಗ್ನಿಲ್ಲ. ಅರವತ್ತೊಂದು ಸಾವಿರ ಐತೆ. ಕೆರೆ ತುಂಬಲಿ, ಹಳೇ ಬೋರೇ ಏನಾದ್ರೂ ಎದ್ದೀತು."

ನಾವು ವಾಪಸ್ ಬಂದ್ವಿ. ಕ್ಲಾಸಿನಲ್ಲಿ ಈಗಲೂ ಸರಳರೇಖೆ ಬಂದಾಗ ಮೂರು ಪ್ರಶ್ನೆ ಕೇಳ್ಕೋತೀವಿ: ಶುರು ಎಷ್ಟು, ದರ ಎಷ್ಟು, ಸೊನ್ನೆ ಮುಟ್ಟೋದು ಎಲ್ಲಿ. ಜೊತೆಗೆ ನಾಲ್ಕನೆಯದು, ಗೆಳೆಯನ ಅಪ್ಪನಿಂದ ಕಲಿತದ್ದು: ಸೊನ್ನೆ ಮುಟ್ಟೋಕೆ ಮುಂಚೆ ನಾವು ಎಲ್ಲಿ ನಿಲ್ಲಬೇಕು?

ಓದಿದವರಿಗೆ ಒಂದು ಲೆಕ್ಕ ಬಿಟ್ಟು ಹೋಗ್ತೀವಿ. ಮೋಟಾರಿಗೆ 60,000 ಅಂತ ಒಟ್ಟಿಗೆ ಇಟ್ವಿ. ನಿಜವಾಗಿ ಆಳ ಜಾಸ್ತಿಯಾದ್ರೆ ಪೈಪು, ಕೇಬಲ್ಲೂ ಜಾಸ್ತಿ ಬೇಕು. ಮೋಟಾರಿಗೆ 32,000, ಪೈಪು-ಕೇಬಲ್ಲಿಗೆ ಅಡಿಗೆ 50 ಅಂತ ಇಟ್ಕೊಂಡ್ರೆ ಅವರು ಎಷ್ಟನೇ ರಾಡಿಗೆ ನಿಲ್ಲಿಸಬೇಕಿತ್ತು? ಹಾಕಿ ನೋಡಿ. ರೇಖೆ ಎಲ್ಲಿ ಮುರಿಯುತ್ತೆ ಅನ್ನೋದನ್ನ ಮಾತ್ರ ಮರೀಬೇಡಿ, ನಮ್ಮ ಹಾಗೆ.